ಅಗಸಿ ಎಣ್ಣಿ, ಬಣವಿ ಮತ್ತ ಕೋಟಿತೀರ್ಥ

ಅಕ್ಕಾರ, ಎಣ್ಣಿಬಣ್ಣದ ಚಿತ್ರ ಅಂದ್ರ ಅರಮನಿ ಮಂದಿ ಸಂಗತಿ ಅಂತ ನಾವು ಅದರ ಕಡೆ ನೋಡೂದೇ ಇಲ್ಲ. ಆದ್ರ ಆ ಬಣ್ಣದಾಗ ಇರೂ ಎಣ್ಣಿ ಯಾವುದು ಗೊತ್ತೇನ್ರಿ? ಅಗಸಿ ಎಣ್ಣಿ. ನಾವು ಹುರದು ಚಟ್ನಿ ಕುಟ್ಟೂ ಅದೇ ಅಗಸಿ! ಬಣ್ಣದ ಪುಡಿ ಈ ಎಣ್ಣ್ಯಾಗ ನುಣ್ಣಗ ಅರದ್ರ ಎಣ್ಣಿಬಣ್ಣ ಆಗತೈತಿ. ಶೇಂಗಾ ಎಣ್ಣಿ ಯಾಕ ನಡ್ಯಂಗಿಲ್ಲ ಅಂದ್ರ, ಅದು ಎಷ್ಟು ದಿನ ಇಟ್ರೂ ಜಿಡ್ಡಾಗೇ ಉಳಿತೈತಿ. ಅಗಸಿ ಎಣ್ಣಿ ಹಂಗಲ್ಲ, ಗಾಳಿ ಕುಡದು ಗಟ್ಟಿ ಪದರಾಗಿ ನಿಲ್ಲತೈತಿ. ಅದಕ್ಕ ಬ್ಯಾಸಗ್ಯಾಗ ಲಗೂನ ಒಣಗತೈತಿ, ಚಳಿ ಮಳ್ಯಾಗ ದಿನಗಟ್ಟಲೆ ಕಾಯಬೇಕು. ಮಳಿಗಾಲದಾಗ ನಾವು ಹಪ್ಪಳ ಹಾಕೂದಿಲ್ಲಲ್ಲ, ಚಿತ್ರಗಾರರ ಪಾಡೂ ಅದೇ.

ಮೊದಲೆಲ್ಲಾ ಕಲಸಿದ ಬಣ್ಣಾನ ಹಂದಿ ಮೂತ್ರಕೋಶದ ಸಣ್ಣ ಚೀಲದಾಗ ಕಟ್ಟಿ ಇಡತಿದ್ರು. ಅದು ಸೋರತಿತ್ತು, ತೂತು ಬಿದ್ರ ಒಣಗಿ ಹೋಗತಿತ್ತು. 1841ರಾಗ ಅಮೆರಿಕದ ಜಾನ್ ರ‍್ಯಾಂಡ್ ಅನ್ನೂ ಚಿತ್ರಗಾರ ತವರದ ಟ್ಯೂಬ್ ಮಾಡಿದ, ಈಗಿನ ಪೇಸ್ಟಿನ ಟ್ಯೂಬ್ ಇದ್ದಂಗ. ಅದನ್ನ ಕಿಸೆದಾಗ ಹಾಕ್ಕೊಂಡು ಮಂದಿ ಹೊಲಕ್ಕ, ಹೊಳಿ ದಂಡಿಗೆ ಹೋಗಿ ಅಲ್ಲೇ ಕುಂತು ಬರಿಯಾಕ ಹಸನಾತು.

ಹಂಗ ಹೊರಗ ಹೋದವರಾಗ ಫ್ರಾನ್ಸಿನ ಮೋನೆ ಒಬ್ಬ. ಏನು ಬರದ ಅಂತೀರಿ? ಬಣವಿ! ತನ್ನ ಮನಿ ಹತ್ತಿರದ ಹೊಲದಾಗಿನ ಬಣವಿ. 1890ರ ಸುಗ್ಗಿ ಮುಗದ ಮ್ಯಾಲ ಸುರು ಮಾಡಿ, ಚಳಿ, ಹಿಮ ಎಲ್ಲಾ ದಾಟಿ 1891ರ ತನಕ ಸುಮಾರು 25 ಚಿತ್ರ ಬರದ. ಬಣವಿ ಅದೇ, ಬೆಳಕು ಮಾತ್ರ ಬ್ಯಾರೆ. ಬಿಸಲು ಸರದಂಗ ಒಂದು ಚಿತ್ರ ಬಿಟ್ಟು ಇನ್ನೊಂದು ತಗೋತಿದ್ದ. ಅವನ ಮಲಮಗಳು ಬ್ಲಾಂಶ್ ಆ ಸಾಮಾನು ಹೊತ್ತು ಜೋಡಿ ಹೋಗತಿದ್ಲು. ಆಕಿನೂ ಚಿತ್ರಗಾರ್ತಿನ, ಆದ್ರ ಆಕಿ ಹೆಸರು ಎಷ್ಟು ಮಂದಿಗೆ ಗೊತ್ತೈತ್ರಿ?

ಅಷ್ಟು ದೂರ ಯಾಕ, ಅಂಬಾಬಾಯಿ ದರ್ಶನಕ್ಕ ನಾವು ಹೋಗೂ ಕೊಲ್ಲಾಪುರದಾಗೇ ಅಬಾಲಾಲ್ ರಹಮಾನ್ ಇದ್ದರು. ಮುಂಬೈಯ ಜೆ.ಜೆ. ಕಲಾ ಶಾಲ್ಯಾಗ ಕಲತು ಬಂದವರು, ಶಾಹೂ ಮಹಾರಾಜರ ದರಬಾರಿನ ಚಿತ್ರಗಾರರು. ಮನಿಗೋಳ ಗ್ವಾಡಿ ಮ್ಯಾಲ ದೇವರ ಪಟ ಬಿಟ್ರ ಬ್ಯಾರೆ ಚಿತ್ರ ಕಾಣದ ಕಾಲ ಅದು. ಅಂಥಾದ್ರಾಗ ಇವರು ಕೋಟಿತೀರ್ಥದ ಕೆರಿ, ಪಂಚಗಂಗಾ ಹೊಳಿ, ಗಿಡ, ನೀರಾಗಿನ ನೆರಳು ಇವನ್ನ ಬರಕೋಂತ ಕುಂತ್ರು. ನೀರಬಣ್ಣ, ಎಣ್ಣಿಬಣ್ಣ ಎರಡೂ ಅವರ ಕೈಯಾಗ ಆಡತಿದ್ದವು. 1922ರಾಗ ಮಹಾರಾಜರು ತೀರಿಕೊಂಡಾಗ ದುಃಖ ತಡೀಲಾರದ ಸಾವಿರಾರು ಚಿತ್ರ ಅದೇ ಕೋಟಿತೀರ್ಥದ ನೀರಿಗೆ ಬಿಟ್ರು ಅಂತ ಅಲ್ಲಿ ಮಂದಿ ಇವತ್ತಿಗೂ ಹೇಳತಾರ. 1931ರಾಗ ಅವರೂ ಹೋದರು. ಬರದ ಕೆರೀನೇ ಬರದ ಚಿತ್ರ ನುಂಗಿತು ಅಂದ್ರ ಕರಳು ಚುರ್ ಅಂತೈತಿ.

ಈಗ ನಮ್ಮ ಭೋಜದ ಮಾತಿಗೆ ಬರ‍್ತೇನ್ರಿ. ಇಲ್ಲಿ ದೂಧಗಂಗಾ, ವೇದಗಂಗಾ ಎರಡೂ ಕೂಡತಾವು. ಆಷಾಢದಾಗ ಕೆಂಪು ರಾಡಿ ನೀರು, ದೀಪಾವಳಿಗೆ ತಿಳಿ ಹಸರು, ಚೈತ್ರದಾಗ ಬಂಡಿಗಲ್ಲು ಕಾಣೂವಷ್ಟು ಸಣ್ಣ ಹರಿವು. ಮೊದಲ ಹೊಲ ನೋಡಿ ತಿಂಗಳು ಹೇಳಬಹುದಿತ್ತು: ಜ್ವಾಳದ ತೆನಿ, ಕುಸಬಿ ಹೂವು, ಅಗಸಿಯ ನೀಲಿ ಹೂವು, ತಂಬಾಕಿನ ಅಗಲ ಎಲಿ. ಈಗ ನೀರಾವರಿ ಬಂದು ಹೊಟ್ಟಿ ತುಂಬೇತಿ, ಖರೆ. ಆದ್ರ ಎಲ್ಲೆಲ್ಲೂ ಕಬ್ಬು, ಹನ್ನೆರಡು ತಿಂಗಳೂ ಒಂದೇ ಹಸರು. 2019ರ ಮಹಾಪೂರದ ಫೋಟೋ ಎಲ್ಲರ ಫೋನಿನಾಗ ಅದಾವು, ಸುಮ್ಮನ ಹರಿಯೂ ಹೊಳಿದು ಯಾರ ಹತ್ರನೂ ಇಲ್ಲ.

ರಾಜರು, ಲಡಾಯಿ ಇವುಗಳ ಇತಿಹಾಸ ಬರಿಯಾಕ ಮಂದಿ ಅದಾರ. ಹೊಲದ ಬಣ್ಣ ಹೆಂಗಿತ್ತು ಅನ್ನೂದು ಚಿತ್ರದಾಗ ಉಳದ್ರ ಉಳೀತು, ಇಲ್ಲಾಂದ್ರ ನಮ್ಮ ತಲಿಮಾರಿನ ಕಣ್ಣಿನ ಜೋಡಿ ಹೋಗತೈತಿ. ಸೂಟ್ಯಾಗ ಮೊಮ್ಮಕ್ಕಳು, ಸೊಸೆಂದ್ರು ಬಣ್ಣ ಹಿಡದ್ರ ಹೊಳಿ ದಂಡಿಗೆ ಕಳಸ್ರಿ. ಒಂದೇ ಜಾಗಾದಾಗ ಕುಂತು ಮಳಿಗೊಂದು, ಚಳಿಗೊಂದು, ಬಿಸಲಿಗೊಂದು ಬರೀಲಿ. ಮಳಿಗಾಲದ್ದು ಒಣಗಾಕ ಜರಾ ತಡಾ ಆಗತೈತಿ, ಕಪಾಟಿನ ಮ್ಯಾಲ ಇಟ್ಟು ಕಾಯ್ರಿ.