ವಿಶೇಷ ಶಿಕ್ಷಕರ ಅಭಾವ (ಕಾಮಸಮುದ್ರ ಹೋಬಳಿ)

ಶ್ರವಣದೋಷ, ದೃಷ್ಟಿದೋಷ, ಬುದ್ಧಿಮಾಂದ್ಯ, ಮೆದುಳಿನ ಪಾರ್ಶ್ವವಾಯು ಮೊದಲಾದ ಕಾರಣಗಳಿಂದ ಸಾಮಾನ್ಯ ಬೋಧನೆಯೊಂದೇ ಸಾಲದ ಮಕ್ಕಳು ತಮ್ಮ ಊರಿನ ಸರ್ಕಾರಿ ಶಾಲೆಯಲ್ಲಿಯೇ ಓರಗೆಯವರೊಡನೆ ಕುಳಿತು ಕಲಿಯುವಂತೆ ಮಾಡುವ ವ್ಯವಸ್ಥೆಗೆ ಸಮನ್ವಯ ಶಿಕ್ಷಣವೆಂದು ಹೆಸರು. ಇದನ್ನು ನಡೆಯಿಸಬಲ್ಲ ತರಬೇತಾದ ಶಿಕ್ಷಕರ ಅಭಾವ ದೇಶದಲ್ಲೆಲ್ಲಾ ಉಂಟು. ಕೋಲಾರ ಜಿಲ್ಲೆ ಬಂಗಾರಪೇಟೆ ತಾಲ್ಲೂಕಿನ ಕಾಮಸಮುದ್ರ ಹೋಬಳಿಯಂಥ ಗಡಿಸೀಮೆಯಲ್ಲಾದರೋ, ಅಂಥ ಹುದ್ದೆಯನ್ನು ಶಾಲೆಗೆಂದು ಕಲ್ಪಿಸದೆ ತಾಲ್ಲೂಕಿಗೆಂದು ಕಲ್ಪಿಸಿರುವುದೇ ಅಭಾವದ ಮೂಲವಾಗಿದೆ.

ಮೈಸೂರು ಸಂಸ್ಥಾನದಲ್ಲಿ ಕಿವುಡ ಹಾಗೂ ಅಂಧ ಮಕ್ಕಳ ಶಾಲೆ 1901ರಷ್ಟು ಹಿಂದೆಯೇ ಮೈಸೂರು ನಗರದಲ್ಲಿ ಆರಂಭವಾಯಿತು. ಅದು ಪ್ರತ್ಯೇಕ ಶಾಲೆಯ ಮಾರ್ಗ. ಮಗು ಮನೆ ಬಿಟ್ಟು ಹೋಗಬೇಕಾಗಿದ್ದ ಮಾರ್ಗ. ಸಾಮಾನ್ಯ ಶಾಲೆಯಲ್ಲೇ ಇಂಥ ಮಕ್ಕಳನ್ನು ಸೇರಿಸಿಕೊಳ್ಳುವ ಕೇಂದ್ರ ಸರ್ಕಾರದ ಯೋಜನೆ 1974ರಲ್ಲಿ ಬಂತು. ವಿಶೇಷ ಶಿಕ್ಷಕರ ಅರ್ಹತೆಯನ್ನೂ ನೋಂದಣಿಯನ್ನೂ ನಿಯಂತ್ರಿಸುವ ಭಾರತೀಯ ಪುನರ್ವಸತಿ ಪರಿಷತ್ತಿನ ಕಾಯಿದೆ 1992ರದು. ಅಂಗವಿಕಲರ ಹಕ್ಕುಗಳ ಕುರಿತ 1995ರ ಅಧಿನಿಯಮ, 2009ರ ಶಿಕ್ಷಣ ಹಕ್ಕು ಕಾಯಿದೆ, 21 ಬಗೆಯ ವೈಕಲ್ಯಗಳನ್ನು ಗುರುತಿಸಿದ 2016ರ ಅಧಿನಿಯಮ, ಇವುಗಳಿಂದ ಮಗುವಿನ ಹಕ್ಕು ಹೆಜ್ಜೆಹೆಜ್ಜೆಗೂ ವಿಸ್ತಾರಗೊಂಡಿತು. ಅದಕ್ಕೆ ಅನುಗುಣವಾಗಿ ಕಾಯಂ ಹುದ್ದೆಗಳನ್ನು ಸೃಷ್ಟಿಸುವ ಕೆಲಸ ಮಾತ್ರ ಹಿಂದೆಯೇ ಉಳಿಯಿತು.

ಈಗಿನ ಏರ್ಪಾಟಿನಲ್ಲಿ ಸಮಗ್ರ ಶಿಕ್ಷಣ ಯೋಜನೆಯಡಿ ತಾಲ್ಲೂಕು ಕೇಂದ್ರದ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ಕೆಲವೇ ಮಂದಿ ಸಮನ್ವಯ ಶಿಕ್ಷಣ ಸಂಪನ್ಮೂಲ ಶಿಕ್ಷಕರು ಇರುವರು. ಊರಿನವರ ಬಾಯಲ್ಲಿ ಇವರು ‘ಬಿ.ಐ.ಇ.ಆರ್.ಟಿ. ಮೇಷ್ಟ್ರು’, ‘ಬಿ.ಐ.ಇ.ಆರ್.ಟಿ. ಮೇಡಂ’. ಮಕ್ಕಳನ್ನು ಗುರುತಿಸುವುದು, ವೈದ್ಯಕೀಯ ತಪಾಸಣಾ ಶಿಬಿರಕ್ಕೆ ಕರೆತರುವುದು, ಪ್ರತಿ ಮಗುವಿಗೂ ವೈಯಕ್ತಿಕ ಶಿಕ್ಷಣ ಯೋಜನೆ ಬರೆಯುವುದು, ಶಾಲೆಗೆ ಬರಲಾಗದವರ ಮನೆಗೇ ಹೋಗಿ ಕಲಿಸುವುದು, ಎಲ್ಲವೂ ಇವರ ಪಾಲಿಗೆ. ಹಿಂದೆ ಬೌರಿಂಗ್‌ಪೇಟೆಯೆನಿಸಿದ್ದ ಬಂಗಾರಪೇಟೆಯಿಂದ ಕಾಮಸಮುದ್ರಕ್ಕೆ ರೈಲುದಾರಿ ಇದ್ದರೂ, ನಿಲ್ದಾಣದಿಂದಾಚೆಯ ಹಳ್ಳಿಗಳು ಕಾಡಂಚಿನಲ್ಲಿ ಚದುರಿಕೊಂಡಿವೆ. ಕಾಡಾನೆಗಳು ಹೊಲಕ್ಕಿಳಿಯುವ ಕಾಲದಲ್ಲಿ ಸಂಜೆಯ ಮುನ್ನವೇ ಹಿಂದಿರುಗಬೇಕಾಗುವುದರಿಂದ ಭೇಟಿಯ ಅವಧಿ ಇನ್ನಷ್ಟು ಕುಗ್ಗುತ್ತದೆ.

ಈ ಸೀಮೆಯ ನಿಜವಾದ ತೊಡಕು ಭಾಷೆಯಲ್ಲಿದೆಯೆಂದು ತೋರುತ್ತದೆ. ಹೋಬಳಿಯ ಎಷ್ಟೋ ಮನೆಗಳ ಮಾತು ತೆಲುಗು; ಪಕ್ಕದ ಕೋಲಾರ ಚಿನ್ನದ ಗಣಿಯ (ಕೆ.ಜಿ.ಎಫ್.) ಬಡಾವಣೆಗಳಲ್ಲಿ ತಮಿಳು; ಶಾಲೆಯದು ಬಹುಮಟ್ಟಿಗೆ ಕನ್ನಡ. ಆರು ವರ್ಷದ ಮಗುವೊಂದು ತರಗತಿಯಲ್ಲಿ ಬಾಯಿ ಬಿಡದೆ ಕುಳಿತಿರುವಾಗ, ಅದು ಕನ್ನಡ ತಿಳಿಯದ ಮೌನವೋ, ಕಿವಿ ಕೇಳದ ಮೌನವೋ, ಮಾತಿನ ಬೆಳವಣಿಗೆಯೇ ಹಿಂದುಳಿದುದರ ಲಕ್ಷಣವೋ ಎಂಬುದನ್ನು ನಿರ್ಣಯಿಸಲು ಮನೆಮಾತಿನಲ್ಲಿ ಮಾತನಾಡಿಸಬಲ್ಲ ತಜ್ಞರು ಬೇಕು. ಇಲ್ಲದ ದೋಷವನ್ನು ಹಚ್ಚುವುದು, ಇರುವ ದೋಷವನ್ನು ಕಾಣದಿರುವುದು, ಹೀಗೆ ತಪ್ಪು ಎರಡು ಕಡೆಗೂ ಸಂಭವಿಸಬಹುದು. ಅಂಥ ತಜ್ಞರಿಲ್ಲದಾಗ ನಿರ್ಣಯದ ಭಾರ ಒಂದರಿಂದ ಮೂರರವರೆಗಿನ ತರಗತಿಗಳನ್ನು ಒಂದೇ ಕೊಠಡಿಯಲ್ಲಿ ನಡೆಯಿಸುವ ನಲಿಕಲಿ ಶಿಕ್ಷಕಿಯ ಮೇಲೆ ಬೀಳುತ್ತದೆ. ನಲಿಕಲಿಯಲ್ಲಿ ಮಕ್ಕಳು ತಮ್ಮ ತಮ್ಮ ವೇಗದಲ್ಲಿ ಕಲಿಕಾ ಮೆಟ್ಟಿಲು ಏರುತ್ತಾ, ಶಿಕ್ಷಕರ ಸಹಾಯದ ‘ತಟ್ಟೆ’ ಎಂಬ ಗುಂಪಿನಿಂದ ಗೆಳೆಯರ ಸಹಾಯದ ತಟ್ಟೆಗೂ ಅಲ್ಲಿಂದ ಸ್ವಕಲಿಕೆಯ ತಟ್ಟೆಗೂ ಸರಿಯುವರು. ನಿಧಾನವಾಗಿ ಕಲಿಯುವ ಮಗುವಿಗೆ ಇಷ್ಟು ಒಪ್ಪುವ ಪದ್ಧತಿ ಬೇರೊಂದಿಲ್ಲವೆನ್ನಬಹುದು. ಆದರೆ ಮೊದಲ ತಟ್ಟೆಯಲ್ಲಿಯೇ ವರ್ಷವಿಡೀ ಉಳಿಯುವ ಮಗುವಿನ ಬಳಿ ಕೂರುವ ಎರಡನೆಯ ವ್ಯಕ್ತಿ ಕೊಠಡಿಯಲ್ಲಿ ಇಲ್ಲ.

ಗೃಹಾಧಾರಿತ ಶಿಕ್ಷಣದ ಮಕ್ಕಳ ಸ್ಥಿತಿ ಇದಕ್ಕಿಂತಲೂ ಸೂಕ್ಷ್ಮವಾದುದು. ಮನೆಭೇಟಿಯಲ್ಲಿ ಶಿಕ್ಷಕರು ಕಲಿಸುವುದು ಅಕ್ಷರಕ್ಕಿಂತ ಮೊದಲಿನ ವಿದ್ಯೆ: ಮಣಿ ಪೋಣಿಸುವುದು, ಅಂಗಿಯ ಗುಂಡಿ ಹಾಕಿಕೊಳ್ಳುವುದು, ಲೋಟ ಹಿಡಿದು ಚೆಲ್ಲದೆ ಕುಡಿಯುವುದು. ಇವು ನಿತ್ಯಾಭ್ಯಾಸವಿಲ್ಲದೆ ಕೈಗೂಡುವಂಥವಲ್ಲವಾದುದರಿಂದ ಬಂದವರು ಮೊದಲು ತಾಯಿಗೆ ಕಲಿಸಿಹೋಗಬೇಕಾಗುತ್ತದೆ. ಕೂಲಿಗೆ ಹೋಗುವ ತಾಯಿಗೆ ಅದರ ಬಿಡುವೆಲ್ಲಿ? ಶಿಬಿರದಲ್ಲಿ ಅಳತೆ ತೆಗೆದು ಕೊಟ್ಟ, ಕಾಲಿಗೆ ಕಟ್ಟುವ ಕ್ಯಾಲಿಪರ್ ಮಗು ಬೆಳೆದಂತೆ ಬಿಗಿಯಾಗಿ, ಪಟ್ಟಿಯ ಕೆಳಗೆ ಚರ್ಮ ಕೆಂಪೇರುತ್ತದೆ. ನೋಡಿ ಹೇಳುವವರು ಬರುವಷ್ಟರಲ್ಲಿ ಅದು ಅಟ್ಟ ಸೇರಿರುವುದೂ ಉಂಟು. ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರು ಗೌರವಧನಕ್ಕೆ ದುಡಿಯುವವರು. ಪ್ರಮಾಣಪತ್ರ, ಮಾಸಾಶನಗಳ ಓಡಾಟದಲ್ಲಿ ಅವರಿಂದ ಆಗುವ ಉಪಕಾರ ದೊಡ್ಡದಾದರೂ ಬೋಧನೆ ಅವರ ಕರ್ತವ್ಯವಲ್ಲ.

ಅರ್ಹರು ದೊರೆಯದಿರುವುದಕ್ಕೆ ಕಾರಣವನ್ನು ದೂರ ಹುಡುಕಬೇಕಾಗಿಲ್ಲ. 2001ರ ಫೆಬ್ರವರಿ 28ರಂದು ಚಿನ್ನದ ಗಣಿ ಮುಚ್ಚಿದ ಮೇಲೆ ಕೆ.ಜಿ.ಎಫ್.ನಿಂದಲೂ ಬಂಗಾರಪೇಟೆಯಿಂದಲೂ ಸಾವಿರಾರು ಜನ ಮುಂಜಾನೆಯ ರೈಲುಗಳಲ್ಲಿ ಬೆಂಗಳೂರಿಗೆ ದುಡಿಯಲು ಹೋಗುವುದು ವಾಡಿಕೆಯಾಯಿತು. ವಿಶೇಷ ಶಿಕ್ಷಣದಲ್ಲಿ ಎರಡು ವರ್ಷದ ಬಿ.ಎಡ್. ಮುಗಿಸಿದವರಿಗೂ, ಗುತ್ತಿಗೆಯ ನೌಕರಿಗಾಗಿ ಹೋಬಳಿಗೆ ಬರುವುದಕ್ಕಿಂತ ಅದೇ ರೈಲನ್ನು ಹಿಡಿದು ನಗರದ ಖಾಸಗಿ ಸಂಸ್ಥೆ ಸೇರುವುದು ಲಾಭಕರವಾಗಿ ಕಾಣುವುದು ಸಹಜ.

ರಜನೀಶ್ ಕುಮಾರ್ ಪಾಂಡೆ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2021ರ ಅಕ್ಟೋಬರ್ 28ರಂದು ವಿಶೇಷ ಶಿಕ್ಷಕರ ಕಾಯಂ ಹುದ್ದೆಗಳನ್ನು ಸೃಷ್ಟಿಸುವಂತೆ ಆದೇಶಿಸಿತು. ಅದರಂತೆ 2022ರ ಜೂನ್‌ನಲ್ಲಿ ಕೇಂದ್ರವು ಪ್ರಾಥಮಿಕ ಹಂತದಲ್ಲಿ ಹತ್ತು, ಅದರ ಮೇಲಿನ ಹಂತಗಳಲ್ಲಿ ಹದಿನೈದು ವಿಶೇಷ ಮಕ್ಕಳಿಗೆ ಒಬ್ಬ ಶಿಕ್ಷಕರೆಂಬ ಪ್ರಮಾಣವನ್ನು ಗೊತ್ತುಪಡಿಸಿತು. ರಾಜ್ಯಗಳು ಹುದ್ದೆಗಳನ್ನು ಪ್ರಕಟಿಸಬೇಕೆಂದು 2025ರ ಮಾರ್ಚ್ 7ರಂದು ನ್ಯಾಯಾಲಯ ಮತ್ತೆ ಆಜ್ಞಾಪಿಸಿತು. ಇಪ್ಪತ್ತು ಮೂವತ್ತು ಮಕ್ಕಳ ಶಾಲೆಗಳಿರುವ ಹೋಬಳಿಯಲ್ಲಿ ಈ ಪ್ರಮಾಣ ಯಾವುದೊಂದು ಶಾಲೆಯಲ್ಲೂ ಪೂರ್ತಿಯಾಗುವಂತಿಲ್ಲ. ಒಂದೊಂದರಲ್ಲಿ ಒಬ್ಬರೋ ಇಬ್ಬರೋ ಇರುವಾಗ ಹಲವು ಶಾಲೆಗಳನ್ನು ಕೂಡಿಸಿ ಸಂಚಾರಿ ಶಿಕ್ಷಕರನ್ನೇ ನೇಮಿಸಬೇಕಾಗುತ್ತದೆ. ಹುದ್ದೆಯ ಲೆಕ್ಕ ಗುರುತಿಸಲ್ಪಟ್ಟ ಮಕ್ಕಳ ಸಂಖ್ಯೆಯ ಮೇಲೆ ನಿಂತಿದೆ. ಗುರುತಿಸಬೇಕಾದವರು ಆ ಹುದ್ದೆಗೆ ಬರಬೇಕಾದ ಶಿಕ್ಷಕರೇ.