ಮನೆಬಾಗಿಲಿಗೆ ಬಂದ ಚಿಕಿತ್ಸೆ

ಮಧುಗಿರಿ ತಾಲ್ಲೂಕಿನ ಕೊಡಿಗೇನಹಳ್ಳಿ ಹೋಬಳಿಯು ಆಂಧ್ರದ ಗಡಿಗೆ ಸಮೀಪವಾದ ಬಯಲುಸೀಮೆ. ಮಳೆಯನ್ನೇ ನಂಬಿದ ಇಂತಹ ಸೀಮೆಯ ಕೂಲಿಕಾರನಿಗೆ ಆಸ್ಪತ್ರೆಗೆ ಹೋಗುವುದೆಂದರೆ ಒಂದು ದಿನದ ಅನ್ನವನ್ನು ಬಿಟ್ಟು ಹೋಗುವುದೆಂದೇ ಅರ್ಥ. ನೋವುಳ್ಳ ರೋಗಕ್ಕಾದರೆ ಆತನು ಹೋದಾನು. ನೋವೇ ಇಲ್ಲದ ರೋಗಕ್ಕೆ? ಕುಷ್ಠರೋಗದ ಮೊದಲ ಮಚ್ಚೆಯು ನೋಯುವುದಿಲ್ಲ, ತುರಿಸುವುದೂ ಇಲ್ಲ. ಅನೇಕ ವೇಳೆ ಅಲ್ಲಿ ಸ್ಪರ್ಶಜ್ಞಾನವೊಂದು ಕುಂದಿರುತ್ತದೆ, ಅಷ್ಟೆ. ನೆರೆಹೊರೆಯವರು ಅರಿತರೆ ಮಗಳ ಮದುವೆ ನಿಂತೀತೆಂಬ ಭಯವು ಅದರೊಡನೆ ಸೇರಿದರೆ ರೋಗಿಯು ವೈದ್ಯನ ಬಳಿಗೆ ಬರುವುದೇ ಇಲ್ಲ. ಬೆರಳು ಮಡಿಚಿದ ಮೇಲೆ ಬಂದರೆ ಔಷಧವು ರೋಗಾಣುವನ್ನು ಕೊಂದೀತೇ ಹೊರತು ಬೆರಳನ್ನು ಮರಳಿ ಕೊಡಲಾರದು.

ವೈದ್ಯನೊಬ್ಬನಿಂದಲೇ ಗ್ರಾಮದ ಆರೋಗ್ಯವು ಸಾಧ್ಯವಾಗದೆಂಬ ಅರಿವು ನಮ್ಮ ದೇಶಕ್ಕೆ ಹೊಸದಲ್ಲ. 1946ರ ಭೋರ್ ಸಮಿತಿಯು 40,000 ಜನರಿಗೊಂದು ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ಸೂಚಿಸಿದಾಗ ಅದಕ್ಕೆ ಇಬ್ಬರೇ ವೈದ್ಯರನ್ನು ಹೇಳಿತು. ಅವರ ಜೊತೆಗೆ ನಾಲ್ವರು ಸಾರ್ವಜನಿಕ ಆರೋಗ್ಯ ದಾದಿಯರು, ನಾಲ್ವರು ಸೂಲಗಿತ್ತಿಯರು, ತರಬೇತಿ ಹೊಂದಿದ ನಾಲ್ವರು ದಾಯಿಯರು, ಇಬ್ಬರು ನೈರ್ಮಲ್ಯ ನಿರೀಕ್ಷಕರು ಮುಂತಾದವರಿರಬೇಕೆಂದಿತು. ಮುಂದೆ ಕಟ್ಟಡಗಳು ಎದ್ದವು. ಬಳಗ ಮಾತ್ರ ಎಲ್ಲೆಡೆ ಪೂರ್ಣವಾಗಿ ಕೂಡಿಬರಲಿಲ್ಲ.

ಕುಷ್ಠರೋಗದ ವಿಷಯದಲ್ಲಿ ಬಳಗವಿಲ್ಲದೆ ಗತ್ಯಂತರವೇ ಇರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 1981ರಲ್ಲಿ ಶಿಫಾರಸು ಮಾಡಿದ ಬಹುಔಷಧ ಚಿಕಿತ್ಸೆಯಲ್ಲಿ ಡ್ಯಾಪ್ಸೋನ್ ಗುಳಿಗೆಯನ್ನು ರೋಗಿಯು ದಿನವೂ ತಾನೇ ನುಂಗಬೇಕು. ರಿಫಾಂಪಿಸಿನ್ ಅನ್ನು ತಿಂಗಳಿಗೊಮ್ಮೆ ಕಾರ್ಯಕರ್ತನ ಕಣ್ಣೆದುರಿಗೇ ನುಂಗಬೇಕು. ಕನಿಷ್ಠ ಆರು ತಿಂಗಳ ಈ ನಿಯಮವನ್ನು ಗುಡಿಸಲಿನಿಂದ ಗುಡಿಸಲಿಗೆ ನಡೆದು ಕಾಯ್ದವರು ಅರೆವೈದ್ಯಕೀಯ ಕಾರ್ಯಕರ್ತರು. ಹೆಂಗಸರ ಮೈಮೇಲಿನ ಮಚ್ಚೆಯನ್ನು ನೋಡಲು ಮಹಿಳೆಯೇ ಬೇಕಾಗಿತ್ತೆಂಬುದನ್ನೂ ಮರೆಯುವಂತಿಲ್ಲ. ದೇವಾಲಯಗಳ ಟ್ರಸ್ಟುಗಳು ಶ್ರದ್ಧೆಯಿಂದ ನಡೆಸುವ ಒಂದು ದಿನದ ಶಿಬಿರವೂ ಔಷಧದಾನವೇ ಸರಿ. ಆದರೆ ಎರಡನೆಯ ತಿಂಗಳ ಗುಳಿಗೆಯನ್ನು ಶಿಬಿರವು ಕೊಡಲಾರದು.

ನೆರೆಯ ಪಾವಗಡದಲ್ಲಿ ಸ್ವಾಮಿ ಜಪಾನಂದರ ನೇತೃತ್ವದ ರಾಮಕೃಷ್ಣ ಸೇವಾಶ್ರಮವು ಕುಷ್ಠ, ಕ್ಷಯ ಹಾಗೂ ನೇತ್ರರೋಗಗಳ ಚಿಕಿತ್ಸೆಯನ್ನು ಕೈಗೆತ್ತಿಕೊಂಡುದು ಈ ಬರಸೀಮೆಯ ಬಡವರ ನಡುವೆಯೇ. ದಕ್ಷಿಣದ ಯಳಂದೂರಿನಲ್ಲಿ ಡಾ. ಎಚ್. ಸುದರ್ಶನರ ಕರುಣಾ ಟ್ರಸ್ಟ್ ಹುಟ್ಟಿದುದೂ 1986ರಲ್ಲಿ, ಕುಷ್ಠರೋಗದ ನಿಮಿತ್ತದಿಂದ. ಅದು ಕುಷ್ಠಕ್ಕೆ ನಿಲ್ಲದೆ ಮೂರ್ಛೆರೋಗ, ಕ್ಷಯಗಳತ್ತಲೂ ಕೈಚಾಚಿತು. 1996ರಲ್ಲಿ ಗುಂಬಳ್ಳಿಯ ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರದ ನಿರ್ವಹಣೆಯೇ ಅದರ ಕೈಸೇರಿತು. ಒಂದು ರೋಗಕ್ಕೆ ತೆರೆದ ಬಾಗಿಲಿನಿಂದ ಮನೆಯ ಉಳಿದ ಸಂಕಟಗಳೂ ಕಾಣತೊಡಗಿದವು.

2005ರ ಡಿಸೆಂಬರಿನಲ್ಲಿ, ರಾಷ್ಟ್ರಮಟ್ಟದಲ್ಲಿ ರೋಗಿಗಳ ಪ್ರಮಾಣವು ಹತ್ತು ಸಾವಿರಕ್ಕೆ ಒಂದಕ್ಕಿಂತ ಕೆಳಗಿಳಿಯಲು, ಕುಷ್ಠವು ಸಾರ್ವಜನಿಕ ಆರೋಗ್ಯ ಸಮಸ್ಯೆಯಾಗಿ ಉಳಿದಿಲ್ಲವೆಂದು ಸಾರಲಾಯಿತು. ಆ ಸಂಭ್ರಮದಲ್ಲಿ ಮನೆಮನೆಯ ಹುಡುಕಾಟವು ಸಡಿಲವಾಯಿತು. ಇದು ಆತುರದ ನಡೆಯೆಂದೇ ಹೇಳಬೇಕಾಗುತ್ತದೆ. ಏಕೆಂದರೆ 2016ರಲ್ಲಿ ಹಲವು ರಾಜ್ಯಗಳಲ್ಲಿ ಮನೆಮನೆಗೂ ಹೋಗಿ ಮಚ್ಚೆ ನೋಡುವ ಅಭಿಯಾನವನ್ನು ಹೊಸದಾಗಿ ಆರಂಭಿಸಬೇಕಾಯಿತು. ಅಡಗಿದ್ದ ರೋಗಿಗಳು ಸಾವಿರಾರು ಸಂಖ್ಯೆಯಲ್ಲಿ ದೊರೆತರು. ಈ ಸಲ ಬಾಗಿಲು ತಟ್ಟಿದವರಲ್ಲಿ ಅದೇ ಊರಿನ ಆಶಾ ಕಾರ್ಯಕರ್ತೆಯರಿದ್ದರು.