ಕುಣಿಮಗ್ಗದ ಎತ್ತರ: ಸತ್ಯನ್, ಅರ್ನೆಸ್ಟ್ ಕೋಲ್ ಮತ್ತು ಜಮಖಂಡಿ ಸೀಮೆಯ ಛಾಯಾದಾಖಲೆ

ರಬಕವಿ-ಬನಹಟ್ಟಿಯ ಕುಣಿಮಗ್ಗದ ಮನೆಗೆ ಕ್ಯಾಮೆರಾ ಹಿಡಿದು ಹೋದವರಿಗೆ ಮೊದಲು ಎದುರಾಗುವುದು ಎತ್ತರದ ಪ್ರಶ್ನೆ. ನೇಕಾರ ನೆಲಮಟ್ಟದಲ್ಲಿ ಕೂತು ಕಾಲನ್ನು ಕುಣಿಗೆ ಇಳಿಬಿಟ್ಟಿರುತ್ತಾನೆ. ನಿಂತೇ ಫೋಟೋ ತೆಗೆದರೆ ಸೀರೆಯ ಅಂಚು, ಸೆರಗಿನ ಬಣ್ಣ ಸೊಗಸಾಗಿ ಬರುತ್ತವೆ; ನೇಯುವವನದು ಮಾತ್ರ ನೆತ್ತಿ. ಮುಖ ಬೇಕೆಂದರೆ ಫೋಟೋ ತೆಗೆಯುವವನೂ ಹಾಸಿನ ಎದುರಿಗೆ ನೆಲಕ್ಕೆ ಕೂರಬೇಕು. ನಾನು ನೋಡಿದ ಮಾರಾಟ ಪುಸ್ತಿಕೆಗಳ, ಕ್ಯಾಲೆಂಡರುಗಳ ಮಗ್ಗದ ಚಿತ್ರಗಳಲ್ಲಿ ಹೆಚ್ಚಿನವು ನಿಂತು ತೆಗೆದವೇ. ಮೂಲೆಯಲ್ಲಿ ರಾಟಿ ತಿರುಗಿಸುತ್ತ ಕಂಡಿಕೆ ಸುತ್ತುವ ಹೆಂಗಸಂತೂ ಚೌಕಟ್ಟಿನೊಳಗೆ ಬರುವುದೇ ಇಲ್ಲ. ಅವಳು ಕೈ ನಿಲ್ಲಿಸಿದರೆ ಲಾಳಿಗೆ ನೂಲಿಲ್ಲ.

ಸಾಕ್ಷ್ಯ ಛಾಯಾಗ್ರಹಣದ ಸಾಮಾಜಿಕ ಕಾಳಜಿಯನ್ನು ವಸ್ತುವಿನಿಂದ ಅಳೆಯುವುದು ನಮ್ಮಲ್ಲಿ ರೂಢಿ: ಬಡವರ ಚಿತ್ರ ತೆಗೆದವನು ಕಾಳಜಿಯುಳ್ಳವನು. ಈ ಅಳತೆಗೋಲು ಸಾಲದು. ಫೋಟೋಗ್ರಾಫರ್ ಎಲ್ಲಿ ನಿಂತ ಅಥವಾ ಕೂತ, ಚಿತ್ರದ ಕೆಳಗೆ ಏನು ಬರೆದ, ಆಮೇಲೆ ಆ ಚಿತ್ರ ಯಾರ ಕೈಯಲ್ಲಿ ಉಳಿಯಿತು ಎಂಬ ಮೂರನ್ನೂ ಕೇಳಬೇಕು. ಹಾಗೆ ಕೇಳಲು ಇಬ್ಬರು ಛಾಯಾಗ್ರಾಹಕರು ನೆರವಾಗುತ್ತಾರೆ.

ಒಬ್ಬರು ನಮ್ಮವರೇ, ಮೈಸೂರಿನ ಟಿ.ಎಸ್. ಸತ್ಯನ್ (1923–2009). ಮಹಾರಾಜ ಕಾಲೇಜಿನಲ್ಲಿ ಓದಿ, ‘ಡೆಕ್ಕನ್ ಹೆರಾಲ್ಡ್’, ‘ಇಲಸ್ಟ್ರೇಟೆಡ್ ವೀಕ್ಲಿ’ಗಳಲ್ಲಿ ದುಡಿದು, ಕೊನೆಗೆ ಯಾರ ಸಂಬಳಕ್ಕೂ ಕಟ್ಟುಬೀಳದೆ ಫೋಟೋದಿಂದಲೇ ಬದುಕಿದವರು. ‘ಲೈಫ್’ ಪತ್ರಿಕೆಯೂ ಅವರ ಚಿತ್ರಗಳನ್ನು ಅಚ್ಚುಮಾಡಿತು. ವಿಶ್ವ ಆರೋಗ್ಯ ಸಂಸ್ಥೆಗಾಗಿ ಸಿಡುಬು ನಿರ್ಮೂಲನೆಯ ಕೆಲಸವನ್ನು ದಾಖಲಿಸಿದರು, ಯುನಿಸೆಫ್‌ಗಾಗಿ ವರ್ಷಗಟ್ಟಲೆ ಮಕ್ಕಳ ಬೆನ್ನುಹತ್ತಿದರು. 1977ರಲ್ಲಿ ಪದ್ಮಶ್ರೀ ಬಂತು. ಅಂತಾರಾಷ್ಟ್ರೀಯ ಮಕ್ಕಳ ವರ್ಷವಾದ 1979ರಲ್ಲಿ ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕೇಂದ್ರ ಕಚೇರಿಯಲ್ಲಿ ಅವರ ಮಕ್ಕಳ ಚಿತ್ರಗಳ ಪ್ರದರ್ಶನ ನಡೆಯಿತು. ತಮ್ಮ ವೃತ್ತಿಯ ಕಥೆಯನ್ನು ಇಂಗ್ಲಿಷಿನಲ್ಲೂ, ‘ಕಾಲಕ್ಕೆ ಕನ್ನಡಿ’ಯ ಮೂಲಕ ಕನ್ನಡದಲ್ಲೂ ಬರೆದಿಟ್ಟರು. ಸತ್ಯನ್ ತೆರೆದ ಬಾಗಿಲಿನಿಂದ ಹೋದವರು. ಅವರ ಚಿತ್ರದ ಬಡವ ಕನಿಕರ ಬೇಡುವುದಿಲ್ಲ. ಆಡುತ್ತಾನೆ, ನಗುತ್ತಾನೆ, ಮನೆಗೆ ಬಂದ ನೆಂಟನನ್ನು ನೋಡುವ ಹಾಗೆ ನಮ್ಮನ್ನು ನೋಡುತ್ತಾನೆ. ಬಡತನದ ಹಿಂದಿನ ವ್ಯವಸ್ಥೆ ಆ ಚಿತ್ರಗಳಲ್ಲಿ ತುಸು ಮಸುಕಾಗುತ್ತದೆ ಎಂಬುದು ನನ್ನ ತಕರಾರು. ಆ ಮಸುಕನ್ನು ಇನ್ನೊಬ್ಬರ ಜೊತೆಗಿಟ್ಟಾಗಲೇ ಕಾಣಬಹುದು.

ಅರ್ನೆಸ್ಟ್ ಕೋಲ್ (1940–1990) ದಕ್ಷಿಣ ಆಫ್ರಿಕಾದ ಪ್ರಿಟೋರಿಯಾ ಬಳಿಯ ಕಪ್ಪುಜನರ ಬಡಾವಣೆಯಲ್ಲಿ ಹುಟ್ಟಿದವರು. ಕಪ್ಪುಮಕ್ಕಳಿಗೆ ಚಾಕರಿಯ ಶಿಕ್ಷಣವೇ ಸಾಕೆಂದು 1953ರಲ್ಲಿ ಬಂದ ಕಾಯಿದೆ ಜಾರಿಯಾದಾಗ ಶಾಲೆ ಬಿಟ್ಟರು. ‘ಡ್ರಮ್’ ಪತ್ರಿಕೆಯಲ್ಲಿ ಕಸುಬು ಕಲಿತರು. ಕಪ್ಪುಜನ ಪಾಸ್ ಇಲ್ಲದೆ ಓಡಾಡುವಂತಿರಲಿಲ್ಲ; 1908ರಲ್ಲಿ ಜೋಹಾನ್ಸ್‌ಬರ್ಗಿನಲ್ಲಿ ಗಾಂಧೀಜಿಯವರ ಜೊತೆ ಭಾರತೀಯರು ತಮ್ಮ ನೋಂದಣಿ ಪತ್ರಗಳನ್ನು ಸುಟ್ಟದ್ದೂ ಇದೇ ಬಗೆಯ ಕಾಗದದ ವಿರುದ್ಧ. ಕೋಲ್ ತಮ್ಮ ‘ಕೋಲೆ’ ಎಂಬ ಮನೆತನದ ಹೆಸರನ್ನು ‘ಕೋಲ್’ ಮಾಡಿಕೊಂಡು, ಸರ್ಕಾರಿ ದಾಖಲೆಯಲ್ಲಿ ಮಿಶ್ರ ವರ್ಣದವರೆಂದು ಸೇರಿಸಿಕೊಂಡು, ಓಡಾಡುವ ಸ್ವಾತಂತ್ರ್ಯ ಗಳಿಸಿದರು. ಬುತ್ತಿಯ ಚೀಲದಲ್ಲಿ ಕ್ಯಾಮೆರಾ ಬಚ್ಚಿಟ್ಟುಕೊಂಡು ಗಣಿಯೊಳಗೆ ಹೋದರು.

ಎರಡು ಚಿತ್ರಗಳನ್ನು ಹತ್ತಿರದಿಂದ ನೋಡೋಣ. ಒಂದರಲ್ಲಿ, ಬೆಂಚಿಲ್ಲದ ತರಗತಿಯಲ್ಲಿ ಕುಕ್ಕರುಗಾಲಲ್ಲಿ ಕೂತ ಹುಡುಗ ಪಾಠದತ್ತ ಕಣ್ಣು ನೆಟ್ಟಿದ್ದಾನೆ. ಸೆಖೆಗೆ ಮುಖದ ಮೇಲೆ ಬೆವರಿಳಿಯುತ್ತಿದೆ. ಕ್ಯಾಮೆರಾ ಇರುವುದು ಅವನ ಮುಖದ ಮಟ್ಟದಲ್ಲಿ, ನಮ್ಮ ಕುಣಿಮಗ್ಗಕ್ಕೆ ಬೇಕಾದ ಎತ್ತರದಲ್ಲಿ. ಇನ್ನೊಂದರಲ್ಲಿ, ಗಣಿಗೆ ಸೇರಿಸಿಕೊಳ್ಳುವ ವೈದ್ಯಕೀಯ ತಪಾಸಣೆಗೆ ಗಂಡಸರು ಬತ್ತಲೆಯಾಗಿ ಕೈಯೆತ್ತಿ ಸಾಲಾಗಿ ನಿಂತಿದ್ದಾರೆ. ಕೋಲ್ ಅದನ್ನು ಹಿಂದಿನಿಂದ ತೆಗೆದರು. ಅವಮಾನ ಪೂರ್ತಿ ಕಾಣುತ್ತದೆ, ಯಾರ ಗುರುತೂ ಸಿಗುವುದಿಲ್ಲ.

1966ರಲ್ಲಿ ದೇಶ ಬಿಟ್ಟ ಕೋಲ್ ಮರುವರ್ಷ ‘ಹೌಸ್ ಆಫ್ ಬಾಂಡೇಜ್’ ಪ್ರಕಟಿಸಿದರು. ಗಣಿ, ಪಾಸ್, ಶಾಲೆ, ಆಸ್ಪತ್ರೆ, ಮನೆಗೆಲಸ ಎಂದು ಅಧ್ಯಾಯ ಮಾಡಿ, ಚಿತ್ರಗಳ ಜೊತೆಗೆ ಬರಹವನ್ನೂ ಇಟ್ಟ ಪುಸ್ತಕ ಅದು. ದಕ್ಷಿಣ ಆಫ್ರಿಕಾದಲ್ಲಿ ನಿಷೇಧಕ್ಕೊಳಗಾಯಿತು. ಅವರು ಮತ್ತೆ ಊರು ಕಾಣಲಿಲ್ಲ. ಮಂಡೇಲಾ ಬಿಡುಗಡೆಯಾದ ವಾರದೊಪ್ಪತ್ತಿನಲ್ಲಿ ನ್ಯೂಯಾರ್ಕಿನಲ್ಲಿ ತೀರಿಕೊಂಡರು. ಅವರ ಸುಮಾರು 60,000 ನೆಗೆಟಿವ್‌ಗಳು ಸ್ಟಾಕ್‌ಹೋಮಿನ ಬ್ಯಾಂಕಿನ ಲಾಕರುಗಳಲ್ಲಿ ಸಿಕ್ಕಿದ್ದು 2017ರಲ್ಲಿ, ತೆಗೆದವನು ಸತ್ತು 27 ವರ್ಷದ ಮೇಲೆ.

ಈಗ ನಮ್ಮ ಸೀಮೆಗೆ ಬರೋಣ. ಮುಧೋಳ, ಜಮಖಂಡಿ ಭಾಗಕ್ಕೆ ಹೊರಗಿನ ಕ್ಯಾಮೆರಾಗಳು ಹುಡುಕಿಕೊಂಡು ಬಂದದ್ದು ದೇವದಾಸಿ ಪದ್ಧತಿಯ ನೆಪದಲ್ಲಿ. 1982ರ ಕರ್ನಾಟಕ ದೇವದಾಸಿ ಸಮರ್ಪಣ ನಿಷೇಧ ಕಾಯಿದೆಯ ನಂತರವೂ ಕುಂಕುಮ ಮೆತ್ತಿದ ಹಣೆ, ಕೊರಳ ಮುತ್ತಿನ ಸರ ಚಿತ್ರಗಳಲ್ಲಿ ಮರುಕಳಿಸುತ್ತಲೇ ಇವೆ. ಆಕೆಯ ಹೊಲವೆಷ್ಟು, ಮಕ್ಕಳ ಶಾಲೆಯ ದಾಖಲೆಯಲ್ಲಿ ತಂದೆಯ ಹೆಸರಿನ ಜಾಗದಲ್ಲಿ ಏನಿದೆ ಎಂಬುದು ಅಡಿಬರಹದಲ್ಲಿ ಬರುವುದು ಅಪರೂಪ. ನೆರೆಯ ಸಾಂಗಲಿಯಲ್ಲಿ ಇದಕ್ಕೊಂದು ತಿರುಗೇಟು ಬಿತ್ತು. 2010ರಲ್ಲಿ ‘ಪ್ರಾಸ್ಟಿಟ್ಯೂಟ್ಸ್ ಆಫ್ ಗಾಡ್’ ಎಂಬ ಸಾಕ್ಷ್ಯಚಿತ್ರ ಬಂದಾಗ, ಅಲ್ಲಿನ ವೇಶ್ಯಾ ಅನ್ಯಾಯ ಮುಕ್ತಿ ಪರಿಷತ್ತಿನ ಹೆಂಗಸರು ತಮ್ಮ ಬದುಕನ್ನು ತಿರುಚಿ ತೋರಿಸಿದ್ದಾರೆಂದು ತಾವೇ ವಿಡಿಯೋ ಮಾಡಿ ಉತ್ತರ ಕೊಟ್ಟರು. ಚಿತ್ರಕ್ಕೆ ಒಳಗಾದವರು ಕ್ಯಾಮೆರಾ ತಿರುಗಿಸಿದ ಈ ಪ್ರಸಂಗ ಛಾಯಾಗ್ರಹಣದ ನೀತಿಯ ಬಗ್ಗೆ ಹಲವು ವಿಚಾರಸಂಕಿರಣಗಳಿಗಿಂತ ಹೆಚ್ಚು ಹೇಳುತ್ತದೆ. ಗಣಿಯ ಸಾಲನ್ನು ಹಿಂದಿನಿಂದ ತೆಗೆದ ಕೋಲ್‌ಗೆ ಈ ಪಾಠ ಯಾರೂ ಹೇಳಬೇಕಾಗಿರಲಿಲ್ಲ. ಆ ಸಾಲಿನಲ್ಲಿ ತಾವೂ ನಿಲ್ಲಬೇಕಾಗಿ ಬರಬಹುದಾಗಿದ್ದವರು ಅವರು.

ಬೀಳಗಿಯದು ಇನ್ನೊಂದು ಅವಸರ. ಆಲಮಟ್ಟಿ ಜಲಾಶಯದ ನೀರು ಈಗ 519.60 ಮೀಟರಿಗೆ ನಿಲ್ಲುತ್ತದೆ. ಅದನ್ನು 524.256 ಮೀಟರಿಗೆ ಏರಿಸಲು ಕೃಷ್ಣಾ ಎರಡನೇ ನ್ಯಾಯಮಂಡಳಿ 2010ರಲ್ಲೇ ಒಪ್ಪಿದೆ. ಹಿನ್ನೀರು ಏರಿದರೆ ಇನ್ನಷ್ಟು ಊರು, ಹೊಲ ಮುಳುಗುತ್ತವೆ. ಪರಿಹಾರದ ಕಡತಕ್ಕೆಂದು ತೆಗೆದ ಫೋಟೋದಲ್ಲಿ ಗೋಡೆಯ ಉದ್ದಗಲ ಕಾಣುತ್ತದೆ. ಆ ಗೋಡೆಗೆ ಒರಗಿ ಯಾರು ಕೂರುತ್ತಿದ್ದರು ಎಂಬುದು ಕಾಣುವುದಿಲ್ಲ. ಸತ್ಯನ್‌ರ ಸಲುಗೆ, ಕೋಲ್‌ರ ಅಡಿಬರಹ ಎರಡೂ ಬೇಕಾದ ಕೆಲಸ ಇದು, ಅದೂ ಗೇಟು ಏರುವ ಮೊದಲು. ತೆಗೆದ ಚಿತ್ರದ ಒಂದು ಪ್ರತಿ ಆಯಾ ಊರಿನ ಗ್ರಂಥಾಲಯದಲ್ಲೋ ಪಂಚಾಯಿತಿಯಲ್ಲೋ ಉಳಿಯಬೇಕು, ಇಲ್ಲದಿದ್ದರೆ ನಮ್ಮದೂ ಯಾವುದೋ ಲಾಕರಿನ ಪಾಲಾದೀತು.

ರಬಕವಿ-ಬನಹಟ್ಟಿ, ಜಮಖಂಡಿ, ಮುಧೋಳ, ಬೀಳಗಿ ಈ ನಾಲ್ಕು ತಾಲ್ಲೂಕುಗಳ ಓದುಗರಲ್ಲಿ ಒಂದು ವಿನಂತಿ. ಮನೆಯ ಟ್ರಂಕಿನಲ್ಲಿ ಹಳೆಯ ಸ್ಟುಡಿಯೋ ಫೋಟೋ, ಮಗ್ಗದ ಫೋಟೋ, ಮುಳುಗಿದ ಊರಿನ ಜಾತ್ರೆಯ ಫೋಟೋ ಇದ್ದರೆ ಮನೆಯ ಹಿರಿಯರನ್ನು ಕೂರಿಸಿಕೊಂಡು ಕೇಳಿ, ಹಿಂಬದಿಯಲ್ಲಿ ಹೆಸರು, ಊರು, ವರ್ಷ ಬರೆದಿಡಿ. ಮೆತ್ತನೆಯ ಪೆನ್ಸಿಲಿನಲ್ಲಿ ಬರೆಯಿರಿ. ಶಾಯಿ ಮುಂಬದಿಗೆ ಇಳಿಯುತ್ತದೆ.